ಕರದಂಟು ತಿಂದವರು ಮತ ಹಾಕುವಂತಿಲ್ಲ

ನ್ಯೂಜಿಲೆಂಡಿನಲ್ಲಿ ಕರುಗಳಿಗೂ ಕೋಟು ಹೊಲಿಯುತ್ತಾರೆ ಎಂದು ನಾನು ಮೊದಲ ಸಲ ಫೋನಿನಲ್ಲಿ ಹೇಳಿದಾಗ, ಗುಳೇದಗುಡ್ಡದ ನನ್ನ ಚಿಕ್ಕಮ್ಮ “ತೋಳು ಎರಡು ಇಡ್ತಾರೇನವಾ, ನಾಕು?” ಎಂದು ಕೇಳಿದ್ದಳು. ತೋಳು ಇರುವುದಿಲ್ಲ. ಬೆನ್ನ ಮೇಲೆ ಹಾಸಿ, ಹೊಟ್ಟೆಯ ಕೆಳಗೆ ಪಟ್ಟಿ ಬಿಗಿದರೆ ಮುಗಿಯಿತು. ನಾವಿರುವ ವೈಕಾಟೊ ಸೀಮೆಯಲ್ಲಿ ಚಳಿಗಾಲದ ಮಳೆಯಲ್ಲಿ ಹುಟ್ಟುವ ಕರುಗಳಿಗೆ ಅದು ಬೇಕು. ಕುದುರೆಗೂ ಬೇಕು. ಯೂಟ್ ಎಂದು ಇಲ್ಲಿಯವರು ಕರೆಯುವ, ಹಿಂದೆ ತೆರೆದ ತೊಟ್ಟಿ ಇರುವ ಗಾಡಿಗೂ ಒಂದು ಹೊದಿಕೆ ಬೇಕು, ದೋಣಿಗೂ ಬೇಕು. ಮನುಷ್ಯರು ಮಾತ್ರ ಚಳಿಗಾಲದಲ್ಲೂ ಚಡ್ಡಿಯಲ್ಲೇ ಓಡಾಡುತ್ತಾರೆ.

ಇದೆಲ್ಲ ನನಗೆ ತಿಳಿದದ್ದು ಹ್ಯಾಮಿಲ್ಟನ್ನಿನ ಒಂದು ಕಾಲೇಜಿನಲ್ಲಿ ಸಂಜೆಯ ಹೊಲಿಗೆ ತರಗತಿ ತೆಗೆದುಕೊಳ್ಳುತ್ತಿದ್ದಾಗ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಸಬರಿಗೆ ತರಬೇತಿ ಕೊಡುತ್ತಿದ್ದವಳು ನಾನು. ಗಂಡನಿಗೆ ರಸ್ತೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ, ಮೊದಲ ಕೆಲವು ವರ್ಷ ಸೂಪರ್‌ಮಾರ್ಕೆಟ್ಟಿನ ಕಪಾಟುಗಳಲ್ಲಿ ಟೊಮೆಟೊ ಡಬ್ಬಿ ಜೋಡಿಸಿದೆ. ಡಬ್ಬಿಯ ಚೀಟಿ ಮುಂದಕ್ಕೆ ಮುಖ ಮಾಡಿರಬೇಕು ಎಂಬುದನ್ನು ಅಲ್ಲಿನ ಮೇಲ್ವಿಚಾರಕ ನನಗೆ ವಾರಕ್ಕೊಮ್ಮೆ ಹೊಸದಾಗಿ ಕಲಿಸುತ್ತಿದ್ದ. ಆದ್ದರಿಂದ ಈ ಸಂಜೆಯ ತರಗತಿ ಸಿಕ್ಕಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಿವೃತ್ತ ಹೆಂಗಸರು ಬರುತ್ತಿದ್ದರು, ದಿಂಬಿನ ಚೀಲ ಹೊಲಿಯುತ್ತಿದ್ದರು, ತಮ್ಮ ತಮ್ಮ ಸೊಸೆಯರನ್ನು ಬೈಯುತ್ತಿದ್ದರು. ಅತ್ತೆಯರು ಎಲ್ಲ ದೇಶದಲ್ಲೂ ಅತ್ತೆಯರೇ.

ಆ ವರ್ಷ ಕಾಲೇಜು, ಹವ್ಯಾಸದ ತರಗತಿಗಳನ್ನೆಲ್ಲ ನಿಲ್ಲಿಸುತ್ತೇವೆ ಎಂದಿತು. ಅಂದರೆ ನಾನು ಮತ್ತೆ ಟೊಮೆಟೊ ಡಬ್ಬಿಗೆ. ನಮ್ಮ ವಿಭಾಗದ ಮುಖ್ಯಸ್ಥ ಒಳ್ಳೆಯ ಮನುಷ್ಯ, ತನ್ನ ನಾಯಿಯನ್ನು ಕಚೇರಿಗೇ ಕರೆತಂದು ಮೇಜಿನ ಕೆಳಗೆ ಮಲಗಿಸಿಕೊಳ್ಳುವಾತ. ಅವನೇ ದಾರಿ ಹೇಳಿದ. ಹವ್ಯಾಸ ಹೋಗುತ್ತದೆ, ಉದ್ಯೋಗ ಕಲಿಸುವ ಕೋರ್ಸಾದರೆ ಉಳಿಯುತ್ತದೆ. ಕರುವಿನ ಕೋಟು, ಕುದುರೆಯ ಹೊದಿಕೆ ಹೊಲಿಯುವ ವರ್ಕ್‌ಶಾಪಿನವರು ಜನ ಸಿಗುತ್ತಿಲ್ಲ ಎಂದು ದಿನಾ ಬಂದು ಗೋಳಾಡುತ್ತಾರಲ್ಲ, ದಪ್ಪ ಬಟ್ಟೆಯ ಹೊಲಿಗೆಗೆ ಒಂದು ಸರ್ಟಿಫಿಕೇಟ್ ಕೋರ್ಸು ಬರೆದುಕೊಡು. ಅದು ಪಾಸಾದರೆ ನೀನು ಪೂರ್ಣಾವಧಿಯ ಟ್ಯೂಟರ್. ನಾನು ಬರೆದೆ. ಅಡುಗೆ ಬಿಟ್ಟೆ, ನಿದ್ದೆ ಬಿಟ್ಟೆ, ಧಾರಾವಾಹಿಯನ್ನೂ ಬಿಟ್ಟೆ. ಕಾಲೇಜು ಒಪ್ಪಿತು. ವರ್ಕ್‌ಶಾಪಿನವರು ಕುಣಿದಾಡಿದರು. ಉಳಿದದ್ದು ಒಂದೇ ಮೆಟ್ಟಿಲು, ಪ್ರಾದೇಶಿಕ ಸಮಿತಿಯ ಒಪ್ಪಿಗೆ.

ಸುತ್ತಮುತ್ತಲ ಕಾಲೇಜುಗಳವರು, ಉದ್ಯೋಗ ಕೊಡುವವರು ಸೇರಿದ ಸಣ್ಣ ಸಮಿತಿ ಅದು. ಒಂದೇ ಸೀಮೆಯಲ್ಲಿ ಎರಡು ಕಡೆ ಒಂದೇ ಕೋರ್ಸು ನಡೆಯಬಾರದು ಎಂದು ನೋಡಿಕೊಳ್ಳುವುದು ಅವರ ಕೆಲಸ. ಪ್ರಸ್ತಾವ ಎಲ್ಲರಿಗೂ ಹೋಗುತ್ತದೆ. ತಿಂಗಳ ಕೊನೆಯೊಳಗೆ ಯಾರೂ ತಕರಾರು ಎತ್ತದಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ಸಭೆಯಿಲ್ಲ, ಸಹಿಯಿಲ್ಲ, ಮೊಹರಿಲ್ಲ.

“ನೀನು ಈಗ ಮಾಡಬೇಕಾದ್ದು ಏನೂ ಇಲ್ಲ,” ಎಂದ ಮುಖ್ಯಸ್ಥ. “ಸುಮ್ಮನಿರು. ಅಷ್ಟು ಸಾಕು.”

ಏನೂ ಮಾಡದೆ ಇರುವುದು! ನನ್ನಂಥವಳಿಗೆ ಅದಕ್ಕಿಂತ ಕಷ್ಟದ ಕೆಲಸ ಕೊಡಲು ಸಾಧ್ಯವೇ ಇರಲಿಲ್ಲ. ನಮ್ಮಪ್ಪ ಮಗ್ಗದ ಶೆಡ್ಡಿಗೆ ಕರೆಂಟು ಹಾಕಿಸಲು ಕಚೇರಿಗೆ ಅಲೆದದ್ದನ್ನು ನೋಡಿ ಬೆಳೆದವಳು ನಾನು. ಫೈಲಿಗೆ ಕಾಲಿಲ್ಲ, ಅದು ನಮ್ಮ ಕಾಲಲ್ಲೇ ನಡೀಬೇಕು ಎನ್ನುತ್ತಿದ್ದ ಅವನು. ಹೋಗಬೇಕು, ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಬೇಕು, ಸಾಹೇಬರ ಮಕ್ಕಳ ಓದು ವಿಚಾರಿಸಬೇಕು. ಹೋಗದವನ ಫೈಲು ಧೂಳು ಹಿಡಿಯುತ್ತದೆ. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು? ಇಷ್ಟು ಕಲಿತವಳಿಗೆ ಈ ದೇಶ, ಅಳಬೇಡ, ಹಾಲು ತಾನಾಗಿ ಬರುತ್ತದೆ ಎಂದರೆ ನಂಬಿಕೆ ಬರುವುದಾದರೂ ಹೇಗೆ?

ರೊಟೊಟೂನ ಬಡಾವಣೆಯ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ಗಂಡನಿಗೆ ಇದನ್ನೇ ಹೇಳಿದೆ. ಅವರು ಮೈಸೂರಿನವರು. ಮೈಸೂರಿನವರಿಗೆ ಅವಸರ ಎಂಬುದೇ ಇಲ್ಲ.

“ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅದೇ ಕಣೇ ಇದು. ಬಿಡು ಸುಮ್ನೆ.”

“ಮೌನ ಅಂದ್ರ ಸಮ್ಮತಿ ಅಲ್ರೀ. ಓದಿಲ್ಲ ಅಂತ ಅರ್ಥ.”

“ಓದ್ದೇ ಇದ್ರೆ ಇನ್ನೂ ಒಳ್ಳೇದಲ್ವಾ?”

ಆ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇತ್ತು ಎಂದು ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಅವರ ಮುಂದೆ ಒಪ್ಪುತ್ತಿರಲಿಲ್ಲ.

ಮುಂದಿನ ಶನಿವಾರ ಅವರನ್ನೇ ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನ ಇಂಡಿಯನ್ ಅಂಗಡಿಗಳಿಗೆ ಓಡಿಸಿ ಬೆಲ್ಲ, ಒಣ ಕೊಬ್ಬರಿ, ಗೋಂದು, ಉತ್ತತ್ತಿ ತರಿಸಿದೆ. ನಮ್ಮ ಕಡೆಯ ಕರದಂಟು ಎಂದರೆ ಹುಡುಗಾಟವಲ್ಲ. ಗೋಂದನ್ನು ತುಪ್ಪದಲ್ಲಿ ಅರಳಿಸಿ, ಗೋಡಂಬಿ ಬಾದಾಮಿ ಹುರಿದು, ಬೆಲ್ಲದ ಪಾಕ ಹದಕ್ಕೆ ಬಂದಾಗ ಸುರಿದು ಮಗುಚಬೇಕು. ಪಾಕ ಒಂದಿಷ್ಟು ಮುಂದಕ್ಕೆ ಹೋದರೆ ಗೋಡೆ ಕಟ್ಟಲಿಕ್ಕೂ ಆಗುತ್ತದೆ. ಅವತ್ತು ಒಂದಿಷ್ಟು ಮುಂದಕ್ಕೆ ಹೋಯಿತು. ತುಪ್ಪದ ವಾಸನೆಗೆ ಹದಿನಾರರ ಮಗಳು ಕೋಣೆಯಿಂದ ಹೊರಬಂದಳು. ಇಲ್ಲೇ ಹುಟ್ಟಿದವಳು, ಕನ್ನಡವೆಲ್ಲ ತಿಳಿಯುತ್ತದೆ, ತಿರುಗಿ ಒಂದು ಪದ ಬರುವುದಿಲ್ಲ.

“ಅಮ್ಮಾ, ದಿಸ್ ಈಸ್ ಲಿಟರಲಿ ಬ್ರೈಬರಿ.”

“ಲಂಚ ಅಂದ್ರ ರೊಕ್ಕ. ಇದು ತಿನಿಸು.”

“ಸ್ಟಿಲ್,” ಎಂದು ಹೇಳಿ ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಆಮೇಲೆ ಬಹಳ ಹೊತ್ತು ಅವಳಿಂದ ಮಾತೇ ಹೊರಡಲಿಲ್ಲ, ಹಲ್ಲು ಅಂಟಿಕೊಂಡಿತ್ತು.

ಡಬ್ಬಿಗಳಿಗೆ ರಿಬ್ಬನ್ ಕಟ್ಟಿ ಸಮಿತಿಯವರ ಕಚೇರಿಗಳಿಗೆ ಹೊರಟೆ. ಎಲ್ಲರಿಗೂ ಒಂದೇ ಮಾತು: ಈ ಕಡೆ ಬಂದಿದ್ದೆ, ಹಾಗೇ ಕೊಟ್ಟು ಹೋಗೋಣ ಅನ್ನಿಸಿತು, ನನ್ನ ಪ್ರಸ್ತಾವ ನೋಡಿದಿರಾ? ಎಲ್ಲರೂ “ಓ, ಲವ್ಲಿ” ಎಂದರು. ಪ್ರಸ್ತಾವ ಯಾರೂ ನೋಡಿರಲಿಲ್ಲ. ನಾನು ಹೇಳಿದ್ದು ಸರಿಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಒಬ್ಬಾಕೆ ಮಾತ್ರ ಮುಚ್ಚಳ ತೆಗೆದು, ಇದರಲ್ಲಿ ನಟ್ಸ್ ಇದೆಯಾ ಎಂದು ಕೇಳಿದಳು. “ಬರೀ ನಟ್ಸೇ!” ಎಂದೆ ಹೆಮ್ಮೆಯಿಂದ. ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯ ಸಮೇತ ಗೋಡೆಯವರೆಗೂ ಹಿಂದಕ್ಕೆ ಸರಿದಳು. ಅಲರ್ಜಿಯಂತೆ. ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಒಬ್ಬರಿಗೆ ಮಾತ್ರ ಬೇಕೆಂದೇ ಕೊಡಲಿಲ್ಲ. ಕೈಮಾಯ್ ಬೆಟ್ಟದ ಆಚೆ, ಕಡಲ ಬದಿಯ ಕಾಲೇಜಿನಲ್ಲಿ ದೋಣಿಯ ಹಾಯಿ, ಹೊದಿಕೆ ಹೊಲಿಯುವುದನ್ನು ಕಲಿಸುವ ಹಿರಿಯ ಮೇಷ್ಟ್ರು. ನನ್ನ ಕೋರ್ಸಿಗೆ ತಕರಾರು ಎತ್ತುವವರು ಯಾರಾದರೂ ಇದ್ದರೆ ಅವರೇ ಎಂದು ನನ್ನ ಲೆಕ್ಕ. ಹಾವಿಗೆ ಹಾಲೆರೆಯಲು ನಾನು ಅಷ್ಟು ದೂರ ಪೆಟ್ರೋಲು ಸುಡಬೇಕೇ?

ಒಂದು ವಾರ ಕಳೆದ ಮೇಲೆ ಮುಖ್ಯಸ್ಥ ಕರೆದ. ಮುಖ ಸಪ್ಪಗಿತ್ತು.

“ಸಿಹಿ ಹಂಚಿದೆಯಂತೆ.”

“ಹೌದು. ಇಷ್ಟವಾಯಿತಂತಾ?”

“ಒಬ್ಬರ ಹಲ್ಲಿನ ಕ್ಯಾಪ್ ಕಿತ್ತು ಬಂದಿದೆ. ಸುರಕ್ಷತಾ ವಿಭಾಗಕ್ಕೆ ವರದಿ ಹೋಗಿದೆ. ಅದು ದೊಡ್ಡದಲ್ಲ ಬಿಡು.” ಅವನು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದ. ಇಲ್ಲಿ ಸಮಿತಿಯವರು ಯಾರಿಂದ ಏನು ಬಂದರೂ ಬರೆದಿಡಬೇಕು. ಎಲ್ಲರೂ ಪ್ರಾಮಾಣಿಕರು, ಎಲ್ಲರೂ ಬರೆದಿದ್ದಾರೆ. ತಪ್ಪೇನಿಲ್ಲ. ಆದರೆ ಅರ್ಜಿ ಹಾಕಿದವರಿಂದ ಕೊಡುಗೆ ಪಡೆದವರು ಆ ಅರ್ಜಿಯ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ. ಮೌನವನ್ನೂ ಹೇಳುವಂತಿಲ್ಲ! ಅವರ ಮೌನ ಈಗ ಲೆಕ್ಕಕ್ಕೇ ಇಲ್ಲ. ಇನ್ನು ತಂತಾನೇ ಒಪ್ಪಿಗೆ ಆಗುವುದಿಲ್ಲ. ಕೊಡುಗೆ ಪಡೆಯದ ಸದಸ್ಯರು ಬಂದು ನೋಡಿ, ಬಾಯಿಬಿಟ್ಟು ಹೌದು ಎನ್ನಬೇಕು.

“ಅಂಥವರು ಯಾರಿದ್ದಾರೆ?”

“ಒಬ್ಬರೇ. ಕಡಲ ಬದಿಯವರು. ನೀನು ಅವರಿಗೆ ಯಾಕೆ ಕೊಡಲಿಲ್ಲ?”

“ಅವರು ನನ್ನ ವಿರೋಧಿ ಅನ್ನಿಸಿತು.”

ಮುಖ್ಯಸ್ಥ ಮೇಜಿನ ಮೇಲೆ ಹಣೆ ಇಟ್ಟುಬಿಟ್ಟ. ಕೆಳಗಿದ್ದ ನಾಯಿ ಎದ್ದು ಬಂದು ನನ್ನನ್ನು ಒಮ್ಮೆ ನೋಡಿ ಮತ್ತೆ ಹೋಗಿ ಮಲಗಿತು.

ಇರಲಾರದೆ ಇರುವೆ ಬಿಟ್ಟುಕೊಂಡರಂತೆ ಎಂಬ ಗಾದೆಯನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ನನ್ನ ಪರವಾಗಿ ಸುಮ್ಮನಿರಬಹುದಾಗಿದ್ದವರ ಬಾಯನ್ನೆಲ್ಲ ಬೆಲ್ಲ ಹಾಕಿ ಮುಚ್ಚಿ, ಇಡೀ ನಿರ್ಧಾರವನ್ನು ಒಬ್ಬ ವಿರೋಧಿಯ ಕೈಗೆ ಕೊಟ್ಟು ಬಂದಿದ್ದೆ. ಮನೆಯಲ್ಲಿ ಹೇಳಿದಾಗ ಗಂಡ ನಕ್ಕರು. ನಗುತ್ತಾ ಸೋಫಾದಿಂದ ಕೆಳಕ್ಕೆ ಜಾರಿದರು. ಕೆಳಗೆ ಕೂತೂ ನಕ್ಕರು. ಅವರಿಗೆ ಆಗದ ಹಾಗಲಕಾಯಿಯನ್ನು ಆ ವಾರವಿಡೀ ಮಾಡಿ ಬಡಿಸಿದೆ. ಮಗಳು “ಐ ಟೋಲ್ಡ್ ಯೂ” ಎನ್ನಲಿಲ್ಲ, ಅಷ್ಟರ ಮಟ್ಟಿಗೆ ಅವಳಿಗೆ ನನ್ನ ಪರಿಚಯವಿದೆ.

ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ನನಗೆ ಆ ಕೆಲಸ ಬೇಕಾಗಿತ್ತು. ಸಂಬಳಕ್ಕಲ್ಲ, ಮನೆ ನಡೆಯುತ್ತಿತ್ತು. ನಾನು ಕಲಿಸಬಲ್ಲವಳು ಎಂದು ಬೆಂಗಳೂರಿನಲ್ಲಿ ಕಾರ್ಖಾನೆಯ ಒಂದು ಇಡೀ ಮಹಡಿಗೆ ಗೊತ್ತಿತ್ತು, ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಪಾಟಿನ ಮುಂದೆ ಮತ್ತೆ ಮಂಡಿಯೂರಿ ಡಬ್ಬಿಯ ಮುಖ ತಿರುಗಿಸುವುದನ್ನು ನೆನೆದರೆ ಅಳು ಬರುತ್ತಿತ್ತು. ಅತ್ತುಬಿಟ್ಟೆ ಕೂಡ, ಗ್ಯಾರೇಜಿನಲ್ಲಿ, ಮಿಷನ್ನಿನ ಸದ್ದು ಮಾಡಿಕೊಂಡು.

ಆ ಮೇಷ್ಟ್ರು ಬಂದು ನಮ್ಮ ಹೊಲಿಗೆ ಕೋಣೆ ನೋಡುವುದು ಎಂದಾಯಿತು. ಅವರಿಗೆ ಏನೂ ಕೊಡಕೂಡದು ಎಂದು ಮುಖ್ಯಸ್ಥ ಬೆರಳು ಆಡಿಸಿ ಹೇಳಿದ. ಚಹಾ ಕೊಡಬಹುದಾ ಎಂದು ಕೇಳಿದೆ. ಚಹಾ ಪರವಾಗಿಲ್ಲ ಎಂದ. ನನಗೆ ಅವನ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಸಿಹಿಯೂ ಪರವಾಗಿಲ್ಲ ಎಂದು ನನಗೇ ಅನ್ನಿಸಿತ್ತಲ್ಲ! ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹಾಲನ್ನು ಪಕ್ಕದ ವಿಭಾಗದ ಫ್ರಿಜ್ಜಿಗೆ ಸಾಗಿಸಿದೆ.

ಅವರು ಬಂದದ್ದು ಜಿಟಿಜಿಟಿ ಮಳೆಯಲ್ಲಿ. ಎತ್ತರದ ಆಳು, ಚಡ್ಡಿ, ಮಂಡಿಯವರೆಗೆ ಕಾಲುಚೀಲ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟರು. ಬೆಟ್ಟದ ದಾರಿಯ ಚಳಿಗೆ ಕೆಮ್ಮು ಹತ್ತಿತ್ತು.

“ಒಂದು ಕಪ್ ಟೀ ಸಿಗಬಹುದಾ?”

“ಕ್ಷಮಿಸಿ. ಆಗುವುದಿಲ್ಲ.”

ಅವರು ನನ್ನ ಬೆನ್ನ ಹಿಂದಿದ್ದ ಕೆಟಲನ್ನು ನೋಡಿದರು. ನಾನು ಅದಕ್ಕೆ ಇನ್ನಷ್ಟು ಅಡ್ಡ ನಿಂತೆ. ಮೂಲೆಯಲ್ಲಿ ಮುಖ್ಯಸ್ಥ, ಕೊಡು ಕೊಡು ಎಂದು ಎರಡೂ ಕೈ ಬೀಸುತ್ತಿದ್ದ.

“ನೀರು?”

ನಮ್ಮ ಊರಿನಲ್ಲಿ ಕೋರ್ಟಿನ ನೋಟಿಸು ತಂದವನಿಗೂ ಮೊದಲು ನೀರು ಕೊಡುತ್ತಾರೆ, ಆಮೇಲೆ ಜಗಳ. ಮಳೆಯಲ್ಲಿ ಬೆಟ್ಟ ದಾಟಿ ಬಂದ ಹಿರಿಯರಿಗೆ ನೀರು ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ನಲ್ಲಿ ಅಲ್ಲಿದೆ,” ಎಂದು ತೋರಿಸಿದೆ. “ನೀವೇ ಹಿಡಿದುಕೊಂಡರೆ ನಾನು ಕೊಟ್ಟ ಹಾಗೆ ಆಗುವುದಿಲ್ಲ.”

ಅವರು ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದು ಕುಡಿದರು. ಭುಜ ಅಲುಗುತ್ತಿತ್ತು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ.

ಆಮೇಲೆ ಕರುವಿನ ಕೋಟನ್ನು ಎತ್ತಿ ಪಟ್ಟಿಯ ಹೊಲಿಗೆಯನ್ನು ಎಳೆದು ನೋಡಿದರು. ಇನ್ನೊಂದು ಮಗ್ಗುಲು ತಿರುಗಿಸಿ ಎಳೆದರು. ಮಿಷನ್ ಮುಂದೆ ಕೂತು ತಾವೇ ಒಂದು ಗೆರೆ ಹೊಲಿದರು, ನನಗೂ ಹೊಲಿಯಲು ಹೇಳಿದರು. ಹೊಲಿಗೆ ಹೊಲಿಯುವಾಗ ನನಗೆ ಹೆದರಿಕೆ ಇರುವುದಿಲ್ಲ, ಅದು ಮಾತಾಡುವಾಗ ಮಾತ್ರ. “ನಾಟ್ ಬ್ಯಾಡ್,” ಎಂದರು. ಈ ದೇಶದಲ್ಲಿ ಅದಕ್ಕಿಂತ ಮೇಲಿನ ಹೊಗಳಿಕೆ ನಾನು ಕೇಳಿಲ್ಲ. ಮುಖ್ಯಸ್ಥ ನಮ್ಮಿಬ್ಬರನ್ನೇ ಬಿಟ್ಟು ನಾಯಿಯನ್ನು ಅಡ್ಡಾಡಿಸಲು ಹೋದ.

“ನಿಮ್ಮ ತಕರಾರು ಏನು?” ನಾನೇ ಕೇಳಿದೆ.

“ತಕರಾರಾ? ನಾನು ನಿಮ್ಮ ಪ್ರಸ್ತಾವ ಓದಿಯೇ ಇರಲಿಲ್ಲ. ಬರುವುದನ್ನೆಲ್ಲ ಓದುವವರು ಯಾರು? ಡಬ್ಬಿಗಳ ಗದ್ದಲವಾದ ಮೇಲೆ ಓದಿದೆ.”

ಗಂಡನಿಗೆ ಈ ಮಾತನ್ನು ಯಾವತ್ತೂ ಹೇಳಕೂಡದು ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಅವರು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು. ಅವರ ಕೋರ್ಸಿನಲ್ಲಿ ಈ ವರ್ಷ ಕಲಿಯುವವರು ಇಬ್ಬರೇ ಹುಡುಗಿಯರು. ಈ ಸೀಮೆಗೆ ದಪ್ಪ ಬಟ್ಟೆಯ ಹೊಲಿಗೆಯ ಕೋರ್ಸು ಒಂದೇ ಸಾಕು ಎಂದು ಸಮಿತಿಯ ಅಭಿಪ್ರಾಯ. ನನ್ನದು ಬಂದರೆ ಅವರದು ಮುಚ್ಚುತ್ತದೆ. ನನ್ನದು ಬೇಡ ಎಂದರೆ ಅವರು ನಿವೃತ್ತಿಯಾಗುವವರೆಗೆ ಹೇಗೋ ಕುಂಟಿಕೊಂಡು ನಡೆಯುತ್ತದೆ.

ಇಂಥ ಹೊತ್ತಿನಲ್ಲಿ ದೊಡ್ಡ ಮನಸ್ಸಿನವರು, ನನ್ನದು ಹೋಗಲಿ ಬಿಡಿ, ನಿಮ್ಮದು ನಡೆಯಲಿ ಎನ್ನುತ್ತಾರೆ. ಆ ಮಾತು ನನ್ನ ಬಾಯಿಗೆ ಬರಲಿಲ್ಲ. “ನನಗೆ ಈ ಕೆಲಸ ಬೇಕು,” ಎಂದೆ.

“ಗೊತ್ತು,” ಎಂದರು ಅವರು. “ಇಡೀ ಸೀಮೆಗೇ ಗೊತ್ತು.” ಚಕ್ರವನ್ನು ಒಮ್ಮೆ ತಿರುಗಿಸಿ ಹೇಳಿದರು: “ಜೀವಮಾನವಿಡೀ ನಾನು ಇದನ್ನೇ ಕಲಿಸಿದೆ. ಪ್ರತಿ ವರ್ಷ ನಾನೇ ಬೇಡಬೇಕು. ಕೋಣೆ ಕೊಡಿ, ಮಿಷನ್ ಕೊಡಿ, ಮಕ್ಕಳನ್ನು ಕಳಿಸಿ ಅಂತ. ಇದು ತನಗೆ ಬೇಕು ಅಂತ ಹಟ ಹಿಡಿದವರನ್ನು ಒಬ್ಬರನ್ನೂ ನೋಡಲಿಲ್ಲ. ಯಾರೋ ಹೆಂಗಸು ಇದಕ್ಕೋಸ್ಕರ ಸಮಿತಿಗೆ ಲಂಚ ಕೊಟ್ಟಳು ಅಂತ ಕೇಳಿದಾಗ, ನಿಜ ಹೇಳಬೇಕಂದ್ರೆ, ನನಗೆ ಖುಷಿಯಾಯಿತು.”

“ಅದು ಲಂಚ ಅಲ್ಲ!”

“ಇರಲಿ. ನನಗೊಬ್ಬನಿಗೇ ಕೊಡಲಿಲ್ಲ ಅಂತ ಗೊತ್ತಾದಾಗ ಬೇಜಾರೂ ಆಯಿತು.”

ಯಾಕೆ ಕೊಡಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ನೀವು ಹಾವು ಅಂದುಕೊಂಡಿದ್ದೆ ಎಂದು ಯಾವ ಭಾಷೆಯಲ್ಲಿ ಹೇಳುತ್ತಿದ್ದೆನೋ. ಅವರು ಬೂಟು ಹಾಕಿಕೊಂಡು ಮಳೆಯಲ್ಲೇ ಹೊರಟರು.

ಅವರ ಉತ್ತರ ಬಂದಾಗ ಒಂದೇ ಸಾಲಿತ್ತು: ನನ್ನ ಒಪ್ಪಿಗೆ ಇದೆ. ಮುಖ್ಯಸ್ಥ ನನ್ನನ್ನು ತಬ್ಬಿಕೊಂಡ. ಗಂಡ ಮೌನದ ಮಹಿಮೆಯ ಬಗ್ಗೆ ಬಾಯಿ ತೆರೆದು, ಹಾಗಲಕಾಯಿ ನೆನಪಾಗಿ ಮುಚ್ಚಿಕೊಂಡರು. ನಾನು ಚಿಕ್ಕಮ್ಮನಿಗೆ ಫೋನು ಮಾಡಿ, ಇನ್ನು ನಾನು ಕರುವಿನ ಕೋಟಿನ ಮೇಷ್ಟ್ರು ಎಂದೆ. “ಪಗಾರ ಕೊಡ್ತಾರಿಲ್ಲೋ?” ಎಂದು ಅವಳು ಖಚಿತ ಮಾಡಿಕೊಂಡಳು.

ಟರ್ಮು ಶುರುವಾದ ಬೆಳಿಗ್ಗೆ ಅಂಗಳದಲ್ಲಿ ಒಂದು ಹಳೆಯ ಯೂಟ್ ಬಂದು ನಿಂತಿತು. ಹಿಂದೆ ಕಡಲ ಬದಿಯ ಮೇಷ್ಟ್ರ ಎರಡು ಭಾರದ ಮಿಷನ್ನುಗಳು, ತಾವೇ ಹೊಲಿದ ಹೊದಿಕೆಯ ಕೆಳಗೆ, ಒಂದು ಹನಿ ನೀರು ತಾಗದಂತೆ. ಮುಂದೆ ಅವರ ಪಕ್ಕದಲ್ಲಿ ಅವರ ಇಬ್ಬರು ಹುಡುಗಿಯರು. ಬೆಟ್ಟದ ಆಚೆ ಅವರ ಹೊಲಿಗೆ ಕೋಣೆಗೆ ಬೀಗ ಬಿದ್ದಿತ್ತು. ಮಿಷನ್ನುಗಳನ್ನು ನಾವೆಲ್ಲ ಸೇರಿ ಒಳಗೆ ತಂದೆವು. ಕೂತುಕೊಳ್ಳಿ, ಮೊದಲ ತರಗತಿ ನೋಡಿ ಹೋಗಿ, ಈಗಲಾದರೂ ಚಹಾ ಕುಡಿಯಿರಿ ಎಂದು ಬೇಡಿಕೊಂಡೆ. ಬೇಡ, ಹೊರಡಬೇಕು ಎಂದರು. ಆದರೆ ಹೊರಡಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದರು.

ನಾನು ಎಲ್ಲರಿಗೂ ಒಂದು ಗೆರೆ ಹೊಲಿಯಲು ಹೇಳಿದೆ. ಕೋಣೆಯಲ್ಲಿ ಮಿಷನ್ನುಗಳ ಸದ್ದು ತುಂಬಿತು. ಅವರ ಹುಡುಗಿಯರಲ್ಲಿ ಚಿಕ್ಕವಳು ಎಲ್ಲರಿಗಿಂತ ಮೊದಲು ಮುಗಿಸಿ, ಬಟ್ಟೆಯನ್ನು ಎತ್ತಿ ಹಿಡಿದು, ಅಭ್ಯಾಸದಂತೆ ಅವರ ಕಡೆ ತಿರುಗಿ ಸರಿಯಾಗಿದೆಯಾ ಎಂದು ಕೇಳಿದಳು. ಅವರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

ನಾನು ಅವಳ ಹತ್ತಿರ ಹೋದೆ. ಹೊರಗೆ ಯೂಟ್ ಶುರುವಾದ ಸದ್ದು ಕೇಳಿಸಿತು. ಬಟ್ಟೆಯನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದೆ. ಹೊಲಿಗೆ ನೇರವಾಗಿತ್ತು, ಗಟ್ಟಿಯಾಗಿತ್ತು. ಸರಿಯಾಗಿದೆ ಎಂದೆ. ಕಲಿಸಿದ್ದು ನಾನಲ್ಲ.